ಅಂಗಾತ ಮಲಗಿಸಿ ಪಿಸಿಎನ್‌ಎಲ್: ನನ್ನ ಅನುಭವ

ಚರ್ಮದಲ್ಲಿ ಸಣ್ಣ ತೂತು ಮಾಡಿ ಕಿಡ್ನಿ ಕಲ್ಲು ತೆಗೆಯುವ ಆಪರೇಷನ್ನೇ ಪಿಸಿಎನ್‌ಎಲ್. ಹತ್ತು ಹನ್ನೆರಡು ವರ್ಷ ನಾನೂ ಎಲ್ಲರಂತೆ ಅದನ್ನು ಬೋರಲು ಮಲಗಿಸಿಯೇ ಮಾಡಿದವನು. ಮೊದಲು ಕಾಲೆತ್ತಿಸಿ ಯುರೆಟರಿಕ್ ಕ್ಯಾಥೆಟರ್ (ಕಿಡ್ನಿಯಿಂದ ಮೂತ್ರ ಇಳಿಯುವ ನಾಳ ಯುರೆಟರ್‌ನೊಳಗೆ ಸಣ್ಣ ಕೊಳವೆ) ಹಾಕುವುದು, ಆಮೇಲೆ ನಾಲ್ಕು ಜನ ಸೇರಿ ರೋಗಿಯನ್ನು ಮಗುಚುವುದು. ಒಮ್ಮೆ ನೂರು ಕೆಜಿ ದಾಟಿದ, ಉಬ್ಬಸ ಇದ್ದ ರೋಗಿ ಬಂದರು. "ಇವರನ್ನ ಬೋರಲು ಹಾಕೋಕೆ ನಾನು ಒಪ್ಪಲ್ಲ ಸಾರ್" ಎಂದರು ನಮ್ಮ ಅನಸ್ತೇಶಿಯಾ ಡಾಕ್ಟರು. ಶುರುವಾದದ್ದು ಅಲ್ಲಿಂದ.

ಅಂಗಾತ ಮಲಗಿಸಿ ಮಾಡುವುದನ್ನು ಸ್ಪೇನಿನ ಡಾಕ್ಟರು ವಾಲ್ಡಿವಿಯಾ 1987ರಲ್ಲೇ ಬರೆದಿದ್ದರು. ಅದೇ ದೇಶದ ಗಾಲ್ದಕಾವೊ ಆಸ್ಪತ್ರೆಯವರು 2007ರಲ್ಲಿ ತಿದ್ದಿದ ಭಂಗಿಯನ್ನೇ ನಾನು ಹಿಡಿದೆ. ಕಲ್ಲಿರುವ ಕಡೆಯ ಕಾಲು ನೀಟ, ಇನ್ನೊಂದು ಮಡಚಿ ಅಗಲ, ಪಕ್ಕೆಯ ಕೆಳಗೆ ಸಲೈನ್ ಚೀಲ. ಓದೋಕೆ ಸುಲಭ. "ಕರುಳಿಗೆ ಚುಚ್ಚಿ ಕೂತ್ಕೋತೀಯಾ" ಎಂದರು ಸೀನಿಯರ್ ಒಬ್ಬರು.

ಕರುಳಿಗೆ ಚುಚ್ಚಲಿಲ್ಲ, ಆದರೆ ಮೊದಲ ಐದರಲ್ಲಿ ಎರಡು ಕೆಟ್ಟವು. ತೂತು ಹಿಗ್ಗಿಸುವ ಡೈಲೇಟರ್ ಒತ್ತಿದಂತೆಲ್ಲ ಕಿಡ್ನಿ ಒಳಕ್ಕೆ ಜಾರಿತು, ಅದಕ್ಕೆ ದಾರಿ ತೋರುವ ವೈರ್ ಹೊರಗೆ ಬಂತು. ಒಬ್ಬರನ್ನು ಮತ್ತೆ ಬೋರಲು ಹಾಕಿ ಮುಗಿಸಿದೆ, ಎರಡು ಗಂಟೆ ಹಾಳು. ಇನ್ನೊಬ್ಬರಿಗೆ ಮೂತ್ರ ಹರಿಯಲು ಸ್ಟೆಂಟ್ ಹಾಕಿ ಮೂರು ವಾರ ಬಿಟ್ಟು ಕರೆದೆ. ಎರಡನೇ ಸಲದ ಖರ್ಚು ನಾನೇ ಹೊತ್ತೆ, ಸುಮಾರು ಮೂವತ್ತು ಸಾವಿರ. ಆ ಮನೆಯವರ ಮುಖ ನೋಡುವುದು ದುಡ್ಡಿಗಿಂತ ಕಷ್ಟವಾಗಿತ್ತು.

ತಪ್ಪು ಚೀಲದಲ್ಲಿತ್ತು. ಮೂರು ಲೀಟರಿನದ್ದು ಇಟ್ಟಿದ್ದೆ. ಸಣ್ಣ ಮೈಯವರಿಗೆ ಅದು ಜಾಸ್ತಿ. ಪಕ್ಕೆ ಎತ್ತರವಾಗಿ ಕಿಡ್ನಿ ಇನ್ನೂ ಮುಂದಕ್ಕೆ ಹೋಗುತ್ತಿತ್ತು. ಒಂದು ಲೀಟರಿಗೆ ಇಳಿದೆ. ಡೈಲೇಟ್ ಮಾಡುವಾಗ ಅಸಿಸ್ಟೆಂಟ್ ಹೊಟ್ಟೆಯ ಮೇಲಿನಿಂದ ಅಂಗೈಯಲ್ಲಿ ಕಿಡ್ನಿಯನ್ನು ಒತ್ತಿ ಹಿಡಿಯುತ್ತಾರೆ. ವೈರ್ ಯುರೆಟರ್‌ಗೆ ಇಳಿಯದೆ ಡೈಲೇಟರ್ ಮುಟ್ಟುವುದಿಲ್ಲ. ಅನುಮಾನ ಬಂದರೆ ಕೆಳಗಿನಿಂದ, ಮೂತ್ರದ ದಾರಿಯಲ್ಲಿ ಸ್ಕೋಪ್ ಹಾಕಿ ವೈರಿನ ತುದಿ ಹೊರಗೆಳೆದುಬಿಡುತ್ತೇನೆ. ಎರಡೂ ತುದಿ ಕೈಯಲ್ಲಿದ್ದ ಮೇಲೆ ಎಲ್ಲಿಗೆ ಜಾರುತ್ತೆ?

ಟೇಬಲ್ ಕೂಡ ಕಾಡಿತು. ಅಂಚಿಗೆ ತಂದರೆ ಬದಿಯ ಕಬ್ಬಿಣದ ಪಟ್ಟಿ ಸಿ-ಆರ್ಮ್‌ನಲ್ಲಿ (ಒಟಿಯ ಎಕ್ಸ್‌ರೇ ಯಂತ್ರ) ಅಡ್ಡ. ಒಳಗೆ ಸರಿಸಿದರೆ ಸ್ಕೋಪ್ ಟೇಬಲ್‌ಗೆ ತಾಗುತ್ತೆ. ಅಂಚಿನಿಂದ ಎರಡು ಬೆರಳು ಒಳಗೆ, ನನ್ನ ಟೇಬಲ್‌ಗೆ ಅದೇ ಲೆಕ್ಕ. ಸೂಜಿಯ ಓರೆಯನ್ನು ಇಲ್ಲಿ ಬರೆಯುವುದಿಲ್ಲ. ಒಟಿಗೆ ಬನ್ನಿ, ತೋರಿಸುತ್ತೇನೆ.

ನಡುವೆ ಸಲೈನ್ ಚೀಲದ ಬದಲು ಪ್ರೆಷರ್ ಬ್ಯಾಗ್ ಇಟ್ಟು, ಬೇಕಾದಂತೆ ಗಾಳಿ ಹಾಕಿ ತೆಗೆದು ನೋಡಿದೆ. ಆರೇಳು ಕೇಸ್ ಚೆನ್ನಾಗೇ ನಡೆಯಿತು. ಒಮ್ಮೆ ಕಲ್ಲು ಒಡೆಯುತ್ತಿರುವಾಗಲೇ ಗಾಳಿ ಇಳಿಯಿತು. ಅಲ್ಲಿಗೆ ಬಿಟ್ಟೆ.

ಉಪಕರಣಕ್ಕೆ ಜಾಸ್ತಿ ಸುರಿಯಲಿಲ್ಲ. 12 ಫ್ರೆಂಚ್ (ಸುಮಾರು ನಾಲ್ಕು ಮಿಲಿಮೀಟರ್ ದಪ್ಪ) ಮಿನಿ ನೆಫ್ರೋಸ್ಕೋಪ್, ಅಂದರೆ ಕಿಡ್ನಿಯೊಳಗೆ ನೋಡುವ ಸ್ಕೋಪ್; ಅದು ಹೋಗುವ, ಆಟೋಕ್ಲೇವ್ (ಹಬೆಯಲ್ಲಿ ಶುದ್ಧಿ) ಆಗುವ 18 ಫ್ರೆಂಚಿನ ಲೋಹದ ಕೊಳವೆ, ಶೀತ್; ಎಲ್ಲ ಸೇರಿ ಮೂರು ಮೂರೂವರೆ ಲಕ್ಷ. ಗಾಳಿಯ ಒತ್ತಡದಲ್ಲಿ ಕಲ್ಲು ಒಡೆಯುವ ಹಳೆಯ ನ್ಯುಮ್ಯಾಟಿಕ್ ಲಿಥೋಟ್ರಿಪ್ಟರ್ ಇತ್ತು. ಲೇಸರ್ ಈವರೆಗೆ ಕೊಂಡಿಲ್ಲ. ಈ ಭಂಗಿಯಲ್ಲಿ ಶೀತ್ ಕೆಳಕ್ಕೆ ಬಾಗಿರುತ್ತೆ, ನೀರಿನ ಜೊತೆ ಚೂರು ತಾನೇ ಇಳಿದು ಬರುತ್ತೆ. ಚೂರು ಹಿಡಿದೆಳೆಯುವ ಫೋರ್ಸೆಪ್ಸ್ ಮುಟ್ಟದ ದಿನಗಳೂ ಉಂಟು.

ಈಗ ಇನ್ನೂರರ ಹತ್ತಿರ ಆಗಿರಬೇಕು. ಮಗುಚುವ ಅರ್ಧ ಗಂಟೆ ಉಳಿಯಿತು. ಬಹಳ ಜನಕ್ಕೆ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಸಾಕು. ಕಿಡ್ನಿಯ ಮೇಲಿನ ಪೋಲ್‌ನಿಂದಲೇ (ತುದಿಯಿಂದಲೇ) ಹೋಗಬೇಕಾದ ದೊಡ್ಡ ಸ್ಟ್ಯಾಗ್‌ಹಾರ್ನ್ (ಜಿಂಕೆ ಕೊಂಬಿನಂತೆ ಕವಲೊಡೆದ ಕಲ್ಲು) ಬಂದರೆ ಮಾತ್ರ ಇವತ್ತಿಗೂ ಬೋರಲು ಹಾಕುತ್ತೇನೆ. ಕರುಳಿನ ಮಾತಾಡಿದ ಆ ಸೀನಿಯರ್ ಹೋದ ತಿಂಗಳು ತಮ್ಮ ಭಾವನನ್ನೇ ಕಳಿಸಿದರು. ಹದಿನೆಂಟು ಮಿಲಿಮೀಟರ್ ಕಲ್ಲು, ಮೂರನೇ ದಿನ ಮನೆಗೆ ಹೋದರು.