ಮಂಜಲ್ಲ, ಹೊಗೆ: ಹೊಸೂರಿನ ಗಾಳಿ ಅಳೆದ ನನ್ನ ಅನುಭವ

ಡಿಸೆಂಬರ್ ಬಂತೆಂದರೆ ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಹೊಸೂರಿನಲ್ಲಿ ಕೆರೆ ಪಕ್ಕದ ಬೀದಿಗಳು ಬೆಳಿಗ್ಗೆ ಏಳರ ಹೊತ್ತಿಗೆ ಬೆಳ್ಳಗೆ ಕಾಣುತ್ತವೆ. ಎಲ್ಲರೂ ಮಂಜು ಅನ್ನುತ್ತಾರೆ. ಗಾಳಿಯ ಧೂಳು ಅಳೆಯಲು ನಾನೇ ಮಾಡಿದ ಸೆನ್ಸರ್ ಡಬ್ಬಿ ನೋಡಿ, ಮಂಜಿನಲ್ಲಿ ಹೊಗೆಯೂ ಸೇರಿದೆ ಅಂತ ನಾನು ಹೇಳಿದರೆ ನಕ್ಕವರೇ ಜಾಸ್ತಿ. "ನಿನ್ನ ಎರಡು ಸಾವಿರದ ಡಬ್ಬಿ ನೀರಿನ ಹನಿಯನ್ನೂ ಧೂಳು ಅಂತ ಎಣಿಸುತ್ತೆ ಕಣೋ" ಎಂದು ಒಬ್ಬ ಗೆಳೆಯ ಪ್ರತಿ ಭಾನುವಾರ ಕಾಲೆಳೆಯುತ್ತಿದ್ದ. ಹೋದ ಚಳಿಗಾಲದಲ್ಲಿ ಅವನ ಬಾಯಿ ಮುಚ್ಚಿಸಿದೆ.

ಸೆನ್ಸರ್ ಜೋಡಿಸುವುದು, ಕೋಡ್ ಹಾಕುವುದು ನಿಮಗೆ ಗೊತ್ತಿರುವುದೇ, ಬಿಡಿ. ನನ್ನದು ಎಸ್‌ಡಿಎಸ್ 011, ಲೇಸರ್ ಬೆಳಕಿನಲ್ಲಿ ಗಾಳಿಯ ಕಣ ಎಣಿಸುವ ಅಗ್ಗದ ಸೆನ್ಸರ್. ಗಾಳಿಯ ತೇವಾಂಶ ನೂರಕ್ಕೆ 70 ದಾಟಿದರೆ ನಂಬಬೇಡಿ ಅಂತ ಅದರ ಕಾಗದದಲ್ಲೇ ಇದೆ. ಇಲ್ಲಿ ಚಳಿಗಾಲದ ಬೆಳಗಿನ ತೇವಾಂಶ 90ರ ಮೇಲೆ. ಲೆಕ್ಕದ ಸೂತ್ರ ಹಾಕಿ ಸರಿಮಾಡಲು ನೋಡಿದೆ. 80ರವರೆಗೆ ಪರವಾಗಿಲ್ಲ. ಅದಾದ ಮೇಲೆ ಸೂತ್ರ ಬಾಯಿಗೆ ಬಂದದ್ದು ಹೇಳುತ್ತದೆ. ತೇವಾಂಶ ಅಳೆಯುವ ಸೆನ್ಸರ್ ಡಿಎಚ್‌ಟಿ 22 ಅಂತೂ ಒಮ್ಮೆ ಒದ್ದೆಯಾದರೆ ಮಧ್ಯಾಹ್ನದವರೆಗೂ 99.9ರಲ್ಲೇ ಕೂತಿರುತ್ತದೆ. ಅದರ ಬದಲು ಬಿಎಂಇ 280 ಅನ್ನುವ ಸೆನ್ಸರ್ ಹಾಕಿದೆ. ತೇವಾಂಶದ ಅಂಕಿ ಸರಿಹೋಯಿತು, ಧೂಳಿನ ಅಂಕಿ ಸರಿಹೋಗಲಿಲ್ಲ.

ಕೊನೆಗೆ ಸೂತ್ರ ಬಿಟ್ಟು ಗಾಳಿಯನ್ನೇ ಒಣಗಿಸುವುದು ಅಂತ ತೀರ್ಮಾನ ಮಾಡಿದೆ. ಸೆನ್ಸರ್‌ಗೆ ಗಾಳಿ ಹೋಗುವ ದಾರಿಗೆ ಗುಜರಿಯಿಂದ ಹಿತ್ತಾಳೆ ಕೊಳವೆ ತಂದೆ. ಪ್ಲಾಸ್ಟಿಕ್ ಕೊಳವೆ ಬೇಡ, ಸಣ್ಣ ಕಣಗಳು ಅದರ ಗೋಡೆಗೇ ಅಂಟಿಕೊಳ್ಳುತ್ತವೆ. ಕೊಳವೆಯ ಸುತ್ತ ನೈಕ್ರೋಮ್ ತಂತಿ (ಕರೆಂಟ್ ಹರಿದರೆ ಕಾಯುವ ತಂತಿ) ಸುತ್ತಿ ಬಿಸಿ ಮಾಡಿದೆ. ಮೊದಲನೆಯದು ಡಬ್ಬಿಯನ್ನೇ ಕರಗಿಸಿತು. ಎರಡನೆಯದು ಕರೆಂಟ್ ಹೋದಾಗಲೆಲ್ಲ ಬ್ಯಾಟರಿ ಕುಡಿದುಬಿಡುತ್ತಿತ್ತು. ಬೆಳಗಿನ ಜಾವ ಐದಕ್ಕೆ, ಅಂಕಿ ಬೇಕಾದ ಹೊತ್ತಿಗೇ, ಡಬ್ಬಿ ಸತ್ತಿರುತ್ತಿತ್ತು. ಇನ್ನೊಂದರಲ್ಲಿ ಬಿಸಿ ಜಾಸ್ತಿಯಾಗಿ ಅಂಕಿ ಅನುಮಾನ ಬರುವಷ್ಟು ಇಳಿಯಿತು. ನೀರಿನ ಜೊತೆ ಹೊಗೆಯ ಕೆಲವು ಕಣಗಳೂ ಆವಿಯಾಗಿ ಹೋಗುತ್ತವಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಎರಡು ಸೆನ್ಸರ್ ನಕಲಿ, ದುಡ್ಡು ವಾಪಸ್ ಬರಲೇ ಇಲ್ಲ. ಒಟ್ಟು ಹದಿನಾಲ್ಕು, ಹದಿನೈದು ಸಾವಿರ ಹೋಗಿರಬೇಕು. ಅರ್ಧ ದಂಡ. ಮನೆಯಲ್ಲಿ ನಾನು ಹೇಳಿದ ಲೆಕ್ಕ ಆರು ಸಾವಿರ.

ಈಗ ಕೊಳವೆ ಹೊರಗಿನ ಗಾಳಿಗಿಂತ ಸ್ವಲ್ಪವೇ ಬೆಚ್ಚಗಿರುತ್ತದೆ. ಎಷ್ಟು ಡಿಗ್ರಿ, ಕೊಳವೆ ಎಷ್ಟು ಉದ್ದ ಅಂತ ಕೇಳಬೇಡಿ. ಅದಕ್ಕೇ ಎರಡು ವರ್ಷ ಕಳೆದಿದ್ದೇನೆ. ಬಿಸಿ ಕೊಳವೆಯ ಡಬ್ಬಿ, ಬರೀ ಡಬ್ಬಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಮಂಜಿನ ಬೆಳಿಗ್ಗೆ ಬರೀ ಡಬ್ಬಿ ಪಿಎಂ 2.5 (2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು) ಘನ ಮೀಟರ್ ಗಾಳಿಗೆ ಸುಮಾರು 160 ಮೈಕ್ರೋಗ್ರಾಂ ತೋರಿಸಿದರೆ ಇದು 90ರ ಆಸುಪಾಸು. ಮಧ್ಯಾಹ್ನ ಎರಡೂ ಒಂದೇ. ಕಂಪನಿಯಲ್ಲಿ ಸೇಫ್ಟಿ ನೋಡುವ ಪರಿಚಯದವರೊಬ್ಬರು ಪಂಪು, ಫಿಲ್ಟರ್ ಕಾಗದ ತಂದು ತೂಕ ಹಾಕಿ ನೋಡಿದರು. ಆ ತೂಕಕ್ಕೂ ಬಿಸಿ ಕೊಳವೆಯ ಡಬ್ಬಿಗೂ ನೂರಕ್ಕೆ ಹತ್ತು, ಹದಿನೈದರಷ್ಟೇ ವ್ಯತ್ಯಾಸ. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ 60.

ನಂತರ ಚಂದ್ರಚೂಡೇಶ್ವರ ಬೆಟ್ಟದ ಮಗ್ಗುಲಲ್ಲಿರುವ ಸೋದರಮಾವನ ಮನೆ ಮೇಲೊಂದು, ಕೆರೆ ಪಕ್ಕದ ತಗ್ಗಿನಲ್ಲೊಂದು ಇಟ್ಟೆ. ಗಾಳಿ ಆಡದ ಚಳಿ ರಾತ್ರಿ ತಣ್ಣನೆ ಗಾಳಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಏಳಕ್ಕೆ ಕೆಳಗೆ 95 ಇದ್ದರೆ ಮಾವನ ಮನೇಲಿ 40. ಬಿಸಿಲೇರಿ ಹತ್ತು ಹತ್ತೂವರೆ ಆಗುವಾಗ ಎರಡೂ ಸಮ. "ಇದು ಬೆಂಗಳೂರಿನ ಹೊಗೆ" ಅನ್ನುವವರು ಇಲ್ಲಿ ಬಹಳ. ಬೆಂಗಳೂರು ಇರುವುದು ವಾಯವ್ಯಕ್ಕೆ 40 ಕಿಲೋಮೀಟರ್ ದೂರ. ಚಳಿಗಾಲದಲ್ಲಿ ಬೀಸುವ ಅಷ್ಟಿಷ್ಟು ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದ ಕಡೆಯಿಂದ. ಅಂಕಿ ಏರುವುದು ಬೆಳಿಗ್ಗೆ ಆರರಿಂದ ಎಂಟು, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಶಿಫ್ಟ್ ಬಸ್ಸುಗಳು ಮತ್ತು ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವ ನಮ್ಮ ಗಾಡಿಗಳು ಹೊರಡುವ ಹೊತ್ತು. ಭಾನುವಾರ ಅಷ್ಟೇ ಚಳಿ, ಅಷ್ಟೇ ಮಂಜು, ಅಂಕಿ ಮಾತ್ರ ಕಾಲುಭಾಗ ಕಮ್ಮಿ. ಬೆಂಗಳೂರಿಗೆ ಹೋಗಿ ಬರುವುದು ನಾವು, ಹೊಗೆಯೂ ನಮ್ಮದೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಜೋರು. ತಗ್ಗು, ದಿಬ್ಬ ಎಲ್ಲ ಒಂದೇ, ದಿನವಿಡೀ 20ರ ಆಸುಪಾಸು. ಆಗ ಡಬ್ಬಿ ಆರಿಸಿಬಿಡುತ್ತೇನೆ, ಲೇಸರ್‌ಗೆ ಆಯಸ್ಸು ಸುಮಾರು 8,000 ಗಂಟೆ ಅಷ್ಟೇ. ಬೇಸಿಗೆಯ ಕಥೆ ಬೇರೆ. ಶೂಳಗಿರಿ ಕಡೆ ಕಲ್ಲುಕ್ವಾರಿ ಲಾರಿಗಳ ದಪ್ಪ ಧೂಳು ಈ ಸೆನ್ಸರ್‌ಗೆ ಸರಿಯಾಗಿ ಕಾಣುವುದಿಲ್ಲ, ಅದರ ಪಿಎಂ 10 (10 ಮೈಕ್ರಾನ್‌ವರೆಗಿನ ಕಣಗಳು) ಅಂಕಿ ನಂಬಬೇಡಿ. ಅದಕ್ಕೆ ಬಿಳಿ ಟೈಲ್ಸ್‌ಗೆ ವ್ಯಾಸಲೀನ್ ಸವರಿ ಲಾರಿ ರಸ್ತೆ ಪಕ್ಕದ ಮನೆ ಮೇಲೆ ಇಟ್ಟಿದ್ದೆ. ಎರಡೇ ದಿನಕ್ಕೆ ಬೂದಿ ಬಣ್ಣ. ಒಂದು ಟೈಲ್ಸ್ ಕೋತಿ ಹೊತ್ತೊಯ್ದಿತು.

ಭೋಗಿ ದಿನದ್ದನ್ನು ಹೇಳಲೇಬೇಕು. ನಾವು ಮನೆಯಲ್ಲಿ ಸಂಕ್ರಾಂತಿ ಮಾಡುವವರು. ಆದರೆ ಹಿಂದಿನ ಬೆಳಗಿನ ಜಾವ ಊರೆಲ್ಲ ಹಳೇ ಚಾಪೆ, ಟೈರು ಸುಡುತ್ತದೆ. ಜನವರಿಯ ಚಳಿ, ಅಲುಗದ ಗಾಳಿ. ಕೆರೆ ಪಕ್ಕದ ಡಬ್ಬಿ 300 ದಾಟಿತು. ಬೆಟ್ಟದ್ದು 120 ಮುಟ್ಟಲಿಲ್ಲ.

ಕಾಲೆಳೆಯುತ್ತಿದ್ದ ಗೆಳೆಯ ಈಗ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ವಾಕಿಂಗ್ ಬಿಟ್ಟು ಸಂಜೆ ನಾಲ್ಕೂವರೆಗೆ ಹೊರಡುತ್ತಾನೆ. ಅವನ ಮನೆಗೂ ಒಂದು ಡಬ್ಬಿ ಮಾಡಿಕೊಟ್ಟೆ, ನಾಲ್ಕೂವರೆ ಸಾವಿರ ತೆಗೆದುಕೊಂಡೆ. ಮುಂದಿನದು ಜೂಜುವಾಡಿ ಗಡಿ ಹತ್ತಿರ ಇಡಬೇಕು. ಹೆದ್ದಾರಿಗೆ ಹತ್ತಿರದ ಒಂದು ಮಹಡಿ ಸಿಕ್ಕಿದೆ, ಕರೆಂಟ್ ಬಿಲ್ ಯಾರು ಕಟ್ಟಬೇಕು ಅನ್ನುವ ಮಾತು ಇನ್ನೂ ಮುಗಿದಿಲ್ಲ.