ಹಳೆಯ ಮೆಟ್ಟಿಲು, ನಡುಮನೆಗಳ ಚಿತ್ರಗಳನ್ನು ನೋಡುವ ಬಗೆ

ಚಿತ್ರದುರ್ಗ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಬೆಳಕಿಂಡಿಯ ಪರಿಚಯವಿರುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಆ ಸಣ್ಣ ಕಿಂಡಿಯ ಬಿಸಿಲು ಬೆಳಿಗ್ಗೆ ಒಂದು ಗೋಡೆಯ ಮೇಲಿದ್ದು, ಹೊತ್ತೇರಿದಂತೆ ನೆಲಕ್ಕಿಳಿದು, ಇಳಿಹೊತ್ತಿಗೆ ಎದುರಿನ ಗೋಡೆಯನ್ನು ಹತ್ತುತ್ತದೆ. ಮನೆಯೊಳಗಿನ ಚಿತ್ರಗಳನ್ನು ನೋಡಲು ಬೇಕಾದ ಮೊದಲ ಪಾಠ ಅದೇ ಎಂದು ನಾನು ನಂಬುತ್ತೇನೆ: ಚಿತ್ರದಲ್ಲಿ ಏನೇನಿದೆ ಎಂದು ಎಣಿಸುವುದಕ್ಕೆ ಮೊದಲು, ಬೆಳಕು ಎಲ್ಲಿಂದ ಬಂದು ಎಲ್ಲಿ ಮುಗಿಯುತ್ತದೆ ಎಂಬುದನ್ನು ಹುಡುಕಬೇಕು.

ಡಚ್ ಚಿತ್ರಕಾರ ರೆಂಬ್ರಾಂಟ್ 1632ರಲ್ಲಿ ಬರೆದ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ‘ಧ್ಯಾನಸ್ಥ ತತ್ತ್ವಜ್ಞಾನಿ’ ಎಂದು ಹೆಸರಾದ ಚಿತ್ರದಿಂದ ಆರಂಭಿಸಿ. ಎಡಗಡೆಯ ಕಿಟಕಿಯ ಬಳಿ ಮುದುಕನೊಬ್ಬ ಕುಳಿತಿದ್ದಾನೆ. ಬಲಗಡೆಯ ಮೂಲೆಯಲ್ಲಿ ಹೆಂಗಸೊಬ್ಬಳು ಬೆಂಕಿ ಕೆದಕುತ್ತಿದ್ದಾಳೆ. ಇಬ್ಬರ ನಡುವೆ ಮರದ ಸುರುಳಿ ಮೆಟ್ಟಿಲು ಮೇಲಿನ ಕತ್ತಲೆಯೊಳಕ್ಕೆ ತಿರುಗುತ್ತಾ ಹೋಗುತ್ತದೆ. ಚಿತ್ರಕಾರರು ಮಾಡುವಂತೆ ಕಣ್ಣನ್ನು ಅರೆಮುಚ್ಚಿ ನೋಡಿ. ಮುಖ, ಬಟ್ಟೆ, ಪಾತ್ರೆಗಳ ವಿವರಗಳೆಲ್ಲ ಕರಗಿ, ಬಿಸಿಲು ಮತ್ತು ಬೆಂಕಿ ಎಂಬ ಎರಡು ಬೆಳಕುಗಳೂ ಅವುಗಳ ನಡುವಿನ ದೊಡ್ಡ ಕತ್ತಲೆಯೂ ಮಾತ್ರ ಉಳಿಯುತ್ತವೆ. ಆಮೇಲೆ ಕಣ್ಣು ತೆರೆದು, ಮೆಟ್ಟಿಲನ್ನು ಕೆಳಗಿನಿಂದ ಒಂದೊಂದಾಗಿ ಹತ್ತುತ್ತಾ, ಯಾವ ಮೆಟ್ಟಿಲಿನಿಂದಾಚೆಗೆ ನಿಮಗೆ ಕಾಣುವುದು ನಿಂತು ಊಹೆ ಶುರುವಾಯಿತು ಎಂಬುದನ್ನು ಗುರುತಿಸಿಕೊಳ್ಳಿ. ಈ ಚಿತ್ರದ ಚೆಲುವು ನನಗೆ ಸಿಕ್ಕಿದ್ದು ಆ ಗಡಿಯಲ್ಲಿ.

ಮೆಟ್ಟಿಲನ್ನು ಬಣ್ಣದಲ್ಲಿ ಹೇಗೆ ಕಟ್ಟುತ್ತಾರೆಂದು ತಿಳಿಯಬೇಕಾದರೆ ಒಂದು ಬೆಳಿಗ್ಗೆ ದುರ್ಗದ ಕೋಟೆ ಹತ್ತಿ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಮುಂದೆ ನಿಲ್ಲುವುದು ಒಳ್ಳೆಯದು. ಕಾಲಿಡುವ ಮೈ ಬೆಳಗಿ, ಎದುರು ಮೈ ನೆರಳಾಗಿರುವ ಕಡೆ ನೋಡಿದರೆ, ಮೆಟ್ಟಿಲೆಂಬುದು ಗೆರೆಗಳಲ್ಲ, ಸರದಿಯಲ್ಲಿ ಬರುವ ಬೆಳಕು ನೆರಳು ಎಂಬುದು ತಾನಾಗಿ ಹೊಳೆಯುತ್ತದೆ.

ಇನ್ನೊಬ್ಬ ಡಚ್ ಚಿತ್ರಕಾರ ಪೀಟರ್ ಡಿ ಹೂಕ್‌ನ ಚಿತ್ರಗಳಲ್ಲಿ ಬಾಗಿಲುಗಳನ್ನು ಹಿಂಬಾಲಿಸಿ. ಪಡಸಾಲೆಯಲ್ಲಿ ಕುಳಿತವರಿಗೆ ನಡುಮನೆ, ಅಡುಗೆಮನೆ ದಾಟಿ ಹಿತ್ತಲಿನ ಬಿಸಿಲು ಕಾಣುವ ನಮ್ಮ ಮನೆಗಳಂತೆಯೇ, 17ನೆಯ ಶತಮಾನದ ಆ ಡಚ್ ಮನೆಗಳಲ್ಲೂ ಒಂದು ಕೋಣೆಯ ಆಚೆ ಇನ್ನೊಂದು ಕೋಣೆಯೋ ಅಂಗಳವೋ ತೆರೆದುಕೊಳ್ಳುತ್ತದೆ.

ಖಾಲಿ ಕೋಣೆಗಳ ಚಿತ್ರಗಳನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಅವು ಹೆಚ್ಚು ತಾಳ್ಮೆ ಬೇಡುತ್ತವೆ. ಡೆನ್ಮಾರ್ಕಿನ ವಿಲ್ಹೆಲ್ಮ್ ಹಾಮರ್ಸ್‌ಹಾಯ್ 1898ರಿಂದ 1909ರವರೆಗೆ ಕೋಪನ್‌ಹೇಗನ್ನಿನಲ್ಲಿ ತಾನಿದ್ದ ಒಂದೇ ಮನೆಯ ಕೋಣೆಗಳನ್ನು ಮತ್ತೆ ಮತ್ತೆ ಬರೆದ. 1900ರ ಅವನ ಒಂದು ಚಿತ್ರದಲ್ಲಿ ಮುಚ್ಚಿದ ಬಾಗಿಲು, ಕಿಟಕಿ ಮತ್ತು ಬಿಸಿಲುಕೋಲಿನಲ್ಲಿ ತೇಲುವ ದೂಳು ಬಿಟ್ಟರೆ ಬೇರೇನೂ ಇಲ್ಲ. ಬೆಳಕಿಂಡಿಯ ಕೋಲನ್ನು ಹಿಡಿಯಲು ಕೈಚಾಚಿದ್ದ ಮಗುವಿಗೆ ಅದನ್ನು ವಿವರಿಸಬೇಕಾಗಿಲ್ಲ.

ಫೋನಿನ ಪರದೆಯಲ್ಲಿ ಕತ್ತಲೆಯ ಭಾಗಗಳು ಬೇಗ ಒಂದೇ ಕಪ್ಪಾಗಿಬಿಡುತ್ತವೆ. ರೆಂಬ್ರಾಂಟನ ಆ ಮೂಲಚಿತ್ರವೇ ಸುಮಾರು 28 ಸೆಂ.ಮೀ. ಎತ್ತರ, 34 ಸೆಂ.ಮೀ. ಅಗಲದ ಸಣ್ಣ ಹಲಗೆಯಾಗಿರುವುದರಿಂದ, ಅದೇ ಅಳತೆಯಲ್ಲಿ ಬಣ್ಣದ ಮುದ್ರಣ ಮಾಡಿಸಿ, ಟ್ಯೂಬ್‌ಲೈಟಿನ ಹೊಳಪು ಬೀಳದ ಗೋಡೆಗೆ ಕಣ್ಣಿನ ಮಟ್ಟದಲ್ಲಿ ಅಂಟಿಸಿ, ಹಗಲಿನ ಬೇರೆ ಬೇರೆ ಹೊತ್ತಿನಲ್ಲಿ ನೋಡಿ.