ಐದು ರಾಬರ್ಟ್, ಮೂರು ವಾರಿಕ್, ಒಂದೇ ಹಾಳೆ: ಲೆಸ್ಟರ್ ಮನೆತನದ ಬಗ್ಗೆ ಬರೆದ ನನ್ನ ಅನುಭವ

ಹೊರದೇಶದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರಿಗೆಲ್ಲ ಇಂಗ್ಲೆಂಡಿನ ಟ್ಯೂಡರ್ ದೊರೆಗಳ ಕಾಲದ ಗೋಳು ಗೊತ್ತಿದ್ದದ್ದೇ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಯಾರು ಯಾರ ಮಗ ಅಂತ ಓದುಗ ತಲೆ ಕೆರೆದುಕೊಳ್ಳುತ್ತಾನೆ, ನಾಲ್ಕನೇ ಪುಟಕ್ಕೆ ಮಗುಚಿಡುತ್ತಾನೆ. ಮೊದಲನೇ ಎಲಿಜಬೆತ್ ರಾಣಿಯ ಆಪ್ತ, ಲೆಸ್ಟರ್‌ನ ಅರ್ಲ್ ರಾಬರ್ಟ್ ಡಡ್ಲಿಯ ಬದುಕು, ಮನೆತನದ ಮೇಲೆ ನಾನು ಬರೆದು ನಾನೇ ಅಚ್ಚು ಹಾಕಿಸಿದ 70 ಚಿಲ್ಲರೆ ಪುಟದ ಕಿರುಪುಸ್ತಕ ಈಗ ಎರಡನೇ ಮುದ್ರಣಕ್ಕೆ ಹೋಗಿದೆ. "ಇದು ಆಗೋ ಹೋಗೋ ಕೆಲಸ ಅಲ್ಲ ಸ್ವಾಮಿ" ಅಂದಿದ್ದವರಲ್ಲೇ ಇಬ್ಬರು ಮೊನ್ನೆ ಫೋನ್ ಮಾಡಿ, ಪುಸ್ತಕದ ಒಳಗಿರುವ, ಮನೆತನದ ನಂಟು ತೋರಿಸುವ ಮಡಿಕೆ ಹಾಳೆ ಹೇಗೆ ಮಾಡಿದಿರಿ ಅಂತ ವಿಚಾರಿಸಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ತೊಡಕು ಎಲ್ಲಿ ಅಂತ ಮೊದಲು ಹೇಳಿಬಿಡುತ್ತೇನೆ. ಲೆಸ್ಟರ್ ಸ್ವತಃ ರಾಬರ್ಟ್. ಡಗ್ಲಸ್ ಶೆಫೀಲ್ಡ್ ಎಂಬ ವಿಧವೆಯಲ್ಲಿ ಹುಟ್ಟಿದ ಮಗ ರಾಬರ್ಟ್. ಮದುವೆಯಾದ ಹೆಂಡತಿ ಲೆಟಿಸ್‌ಳಲ್ಲಿ ಹುಟ್ಟಿ ಮೂರೇ ವರ್ಷಕ್ಕೆ ತೀರಿಕೊಂಡ ಮಗನೂ ರಾಬರ್ಟ್. ಲೆಟಿಸ್‌ಳ ಮೊದಲ ಗಂಡನ ಮಗ, ಮುಂದೆ ರಾಣಿಯ ಮೇಲೇ ದಂಗೆಯೆದ್ದು 1601ರಲ್ಲಿ ತಲೆ ಕೊಟ್ಟ ಎಸೆಕ್ಸ್‌ನ ಅರ್ಲ್, ಅವನೂ ರಾಬರ್ಟ್. ಲೆಸ್ಟರ್‌ನ ಅಕ್ಕತಂಗಿಯರಲ್ಲಿ ಒಬ್ಬಳಾದ ಮೇರಿಯ ಎರಡನೇ ಮಗ ರಾಬರ್ಟ್ ಸಿಡ್ನಿ. ಇಷ್ಟು ಸಾಲದು ಅಂತ ಮಲಮಗಳು ಪೆನೆಲೊಪಿಯನ್ನು ಮದುವೆಯಾದವನು ರಾಬರ್ಟ್ ರಿಚ್. ಅವನನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಹೆಸರು ಬಿಟ್ಟು ಪದವಿಯಿಂದ ಗುರುತಿಸೋಣ ಅಂದರೆ ಅದು ಇನ್ನೂ ಕಷ್ಟ. ಲೆಸ್ಟರ್‌ನ ತಂದೆ ಜಾನ್ ಡಡ್ಲಿ 1542ರಲ್ಲಿ ಲೈಲ್ ವೈಕೌಂಟ್, 1547ರಲ್ಲಿ ವಾರಿಕ್ ಅರ್ಲ್, 1551ರಲ್ಲಿ ನಾರ್ತಂಬರ್ಲೆಂಡ್ ಡ್ಯೂಕ್. ಅವನು ಡ್ಯೂಕ್ ಆದಾಗ ದೊಡ್ಡ ಮಗ ಜಾನ್ ವಾರಿಕ್ ಅನ್ನಿಸಿಕೊಂಡ. 1561ರಲ್ಲಿ ಇನ್ನೊಬ್ಬ ಮಗ ಆಂಬ್ರೋಸ್ ವಾರಿಕ್ ಆದ. ಹತ್ತು ಹದಿನೈದು ವರ್ಷದಲ್ಲಿ ಒಂದೇ ಮನೆಯಲ್ಲಿ ಮೂರು ವಾರಿಕ್!

ನಾನು ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ, ಅಂದರೆ ದೊರೆಗಳ ಕಾಲಾನುಕ್ರಮ. ಎಂಟನೇ ಹೆನ್ರಿ, ಆರನೇ ಎಡ್ವರ್ಡ್, ಮೇರಿ, ಎಲಿಜಬೆತ್ ಅಂತ ನಾಲ್ಕು ಭಾಗ. ಕರಡನ್ನು ಮೂವರು ಗೆಳೆಯರಿಗೆ ಓದಲು ಕೊಟ್ಟರೆ ಮೂವರೂ ಆಂಬ್ರೋಸ್‌ನನ್ನು ಅವನ ಅಪ್ಪನ ಜೊತೆ ಕಲಸಿಬಿಟ್ಟರು. ಆಮೇಲೆ ವಂಶವೃಕ್ಷದ ತಂತ್ರಾಂಶ ಒಂದನ್ನು ಚಂದಾ ಕಟ್ಟಿ ತಂದೆ. ಡಾಲರ್ ಲೆಕ್ಕ, ಹತ್ತಿರ ಹತ್ತಿರ ಮೂರು ಸಾವಿರ ಹೋಯಿತು. ಕನ್ನಡದ ಒತ್ತಕ್ಷರಗಳನ್ನೆಲ್ಲ ಅದು ಪಕ್ಕಕ್ಕೆ ಎಸೆಯಿತು. ಅದಕ್ಕಿಂತ ದೊಡ್ಡ ಕಿರಿಕಿರಿ ಎಂದರೆ "ಮದುವೆ ಆಗಿತ್ತೋ ಇಲ್ಲವೋ" ಅನ್ನುವ ಸಂಬಂಧಕ್ಕೆ ಅದರಲ್ಲಿ ಜಾಗವೇ ಇಲ್ಲ. ಹೌದು ಅನ್ನಿ ಇಲ್ಲಾ ಅಲ್ಲ ಅನ್ನಿ. ಡಗ್ಲಸ್ ವಿಷಯದಲ್ಲಿ ಅದು ಹೇಗೆ ಸಾಧ್ಯ? ಕೊನೆಗೆ ಫ್ಲೆಕ್ಸ್ ಮಾಡಿಸಿದೆ, ಆರಡಿ ಅಗಲ, ಸುಮಾರು ಸಾವಿರದ ಎಂಟುನೂರು ರೂಪಾಯಿ. ಉಪನ್ಯಾಸಕ್ಕೆ ತೂಗುಹಾಕಿದರೆ ಹಿಂದಿನ ಸಾಲಿಗೆ ಗೆರೆಗಳಷ್ಟೇ ಕಂಡವು. ಈಗ ಅದು ನಮ್ಮ ಮನೆಯ ಸೌದೆ ಮುಚ್ಚಲು ಒದಗಿದೆ, ಮಳೆಗಾಲಕ್ಕೆ ಒಳ್ಳೆಯ ಮಾಲು.

ದಾರಿ ತೋರಿಸಿದ್ದು ಲೈಲ್ ಎಂಬ ಪದವಿ. ಅದು ಜಾನ್ ಡಡ್ಲಿಗೆ ಬಂದದ್ದು ಅಪ್ಪನಿಂದ ಅಲ್ಲ. ಅಪ್ಪ ಎಡ್ಮಂಡ್ ಡಡ್ಲಿ ಏಳನೇ ಹೆನ್ರಿಗೆ ಜನರನ್ನು ಹಿಂಡಿ ಹಣ ತುಂಬಿಸಿಕೊಟ್ಟವನು, ಮಗ ಎಂಟನೇ ಹೆನ್ರಿ ಪಟ್ಟಕ್ಕೆ ಬಂದದ್ದೇ ಜನರನ್ನು ಮೆಚ್ಚಿಸಲು 1510ರಲ್ಲಿ ಅವನ ತಲೆ ತೆಗೆಸಿದ. ಲೈಲ್ ಬಂದದ್ದು ತಾಯಿ ಎಲಿಜಬೆತ್ ಗ್ರೇಯ ಹಕ್ಕಿನಿಂದ. ನಡುವೆ ಅದನ್ನು ಅನುಭವಿಸಿದವನು ಅವಳ ಎರಡನೇ ಗಂಡ. ಇತ್ತ ಕೊನೆಯ ತುದಿ ನೋಡಿ: ಲೆಸ್ಟರ್ ಔರಸ ಮಕ್ಕಳಿಲ್ಲದೆ ಸತ್ತ ಮೇಲೆ ಲೈಲ್ ಪದವಿ 1605ರಲ್ಲಿ, ಲೆಸ್ಟರ್ ಪದವಿ 1618ರಲ್ಲಿ ಹೋದದ್ದು ಅವನ ಅಕ್ಕತಂಗಿಯ ಮಗ ರಾಬರ್ಟ್ ಸಿಡ್ನಿಗೆ. ಎರಡು ತುದಿಯಲ್ಲೂ ಹೆಣ್ಣಿನ ಕಡೆಯಿಂದಲೇ ದಾಟಿದೆ. ಹಾಗಾದರೆ ಗಂಡಸರನ್ನು ಸಾಲಾಗಿ ನಿಲ್ಲಿಸಿ ಪದವಿ ಹಂಚುತ್ತ ಕೂರುವುದು ಯಾವ ಪುರುಷಾರ್ಥಕ್ಕೆ?

ಹಾಳೆಯ ತುಂಬ ನಾಲ್ವರು ಹೆಂಗಸರನ್ನು ಕೂರಿಸಿದೆ: ಲೆಸ್ಟರ್‌ನ ತಾಯಿ ಜೇನ್ ಗಿಲ್ಫರ್ಡ್, ಮೊದಲ ಹೆಂಡತಿ ಏಮಿ ರಾಬ್ಸಾರ್ಟ್, ಡಗ್ಲಸ್, ಲೆಟಿಸ್ ನೋಲಿಸ್. ಪ್ರತಿಯೊಬ್ಬ ಗಂಡಸೂ ಇವರಲ್ಲಿ ಒಬ್ಬಳಿಗೆ ಏನಾಗಬೇಕೋ ಅದೇ ಅವನ ವಿಳಾಸ. ಪದವಿ, ಇಸವಿ ಎಲ್ಲ ಸಣ್ಣಕ್ಷರದಲ್ಲಿ ಕೆಳಗೆ. ರಾಣಿಯನ್ನು ನಡುವೆ ಇಡಲಿಲ್ಲ. ಇದಕ್ಕೇ ಹೆಚ್ಚು ಬೈಸಿಕೊಂಡದ್ದು. ಒಬ್ಬ ಹಿರಿಯ ಪ್ರಕಾಶಕರು "ಆಸ್ಥಾನಿಕನ ಕಥೆಯಲ್ಲಿ ರಾಣಿಯೇ ಮೂಲೆಗೆ ಹೋದರೆ ಯಾರು ಓದ್ತಾರ್ರೀ?" ಅಂತ ಕರಡು ವಾಪಸ್ ಕೊಟ್ಟರು.

ಜೇನ್‌ಳ ಅಂಕಣವೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಹದಿಮೂರು ಮಕ್ಕಳ ತಾಯಿ. 1553ರಲ್ಲಿ ಗಂಡ, ಮಗ ಗಿಲ್ಫರ್ಡ್‌ನ ಹೆಂಡತಿ ಜೇನ್ ಗ್ರೇಯನ್ನು ಪಟ್ಟಕ್ಕೇರಿಸಲು ಹೋಗಿ ಆಗಸ್ಟಿನಲ್ಲಿ ಕೊಡಲಿಗೆ ಸಿಕ್ಕಿದ. ಆಗ ಬದುಕಿದ್ದ ಐದೂ ಗಂಡುಮಕ್ಕಳು ಲಂಡನ್ ಟವರ್ ಸೆರೆಯಲ್ಲಿ. ಮುಂದಿನ ಫೆಬ್ರವರಿಯಲ್ಲಿ ಗಿಲ್ಫರ್ಡ್ ಮತ್ತು ಸೊಸೆ ಇಬ್ಬರ ತಲೆಯೂ ಹೋಯಿತು. ಉಳಿದ ನಾಲ್ವರಿಗಾಗಿ ಈ ಹೆಂಗಸು ಮೇರಿ ರಾಣಿಯ ಗಂಡ ಫಿಲಿಪ್ ಜೊತೆ ಬಂದಿದ್ದ ಸ್ಪೇನಿನ ಸರದಾರರ ಮನೆಬಾಗಿಲು ಸವೆಸಿದಳು, ಬಿಡಿಸಿಕೊಂಡಳು, 1555ರ ಜನವರಿಯಲ್ಲಿ ತಾನು ತೀರಿಕೊಂಡಳು. ಲೆಸ್ಟರ್‌ನ ಬದುಕು ಶುರುವಾಗುವುದು ಇವಳ ಓಡಾಟದಿಂದ, ರಾಣಿಯ ಕೃಪೆಯಿಂದಲ್ಲ. ರಾಣಿ 1558ರಲ್ಲಿ ಅವನಿಗೆ ಅಶ್ವಾಧಿಕಾರಿಯ ಕೆಲಸ ಕೊಟ್ಟಳು ಸರಿ, ಕೊಡಲು ಅವನು ಜೀವಂತ ಇರಬೇಕಿತ್ತಲ್ಲ!

ಹಾಳೆಯ ಗುರುತುಗಳೂ ಅದೇ ಸೆರೆಮನೆಯಿಂದ ಸಿಕ್ಕಿದವು. ಟವರ್‌ನ ಬೋಶಾಂ ಕೋಣೆಯ ಗೋಡೆಯಲ್ಲಿ ದೊಡ್ಡಣ್ಣ ಜಾನ್ ಡಡ್ಲಿಯ ಹೆಸರಿನ ಕೆತ್ತನೆ ಇದೆ: ಕರಡಿ, ಸಿಂಹ, ಗಂಟುಗಂಟಾದ ಕೋಲು, ಸುತ್ತ ಹೂಬಳ್ಳಿಯ ಅಂಚು. ತಮ್ಮಂದಿರ ಹೆಸರು ಅಂಚಿನಲ್ಲೇ ಹುಡುಕಿಕೊಳ್ಳಿ ಅಂತ ಕೆಳಗೆ ಪದ್ಯ. ಗುಲಾಬಿ ಆಂಬ್ರೋಸ್‌ಗೆ, ಓಕ್ ಎಲೆ ರಾಬರ್ಟ್‌ಗೆ ಅಂತ ಓದುತ್ತಾರೆ. ಕವೆಂಟ್ರಿಯಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗನಿಗೆ ಫೋಟೋ ಕಳಿಸಪ್ಪ ಅಂದೆ. "ಮಾವ, ಗಾಜು ಹಾಕಿದಾರೆ, ನನ್ನ ಮುಖವೇ ಬೀಳ್ತಾ ಇದೆ" ಅಂತ ಗೊಣಗುತ್ತಲೇ ಕಳಿಸಿದ. ಓಕ್ ಎಲೆಯನ್ನೇ ಲೆಸ್ಟರ್‌ನ ಮುದ್ರೆ ಮಾಡಿದೆ. ಪುಟದ ಅಂಚಿನಲ್ಲಿ ಓಕ್ ಎಲೆ ಇದ್ದರೆ ಮಾತು ಅವನದು, ಬೇರೆ ರಾಬರ್ಟ್‌ನದಲ್ಲ. ಉಳಿದ ರಾಬರ್ಟ್‌ಗಳಿಗೆ ಯಾವ ಗುರುತು ಕೊಟ್ಟೆ, ಹತ್ತಾರು ಹೆಸರಿನಲ್ಲಿ ಯಾವುದನ್ನು ಉಳಿಸಿ ಯಾವುದನ್ನು ಬಿಟ್ಟೆ ಅನ್ನುವ ಸೂತ್ರ ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಅಷ್ಟು ನನಗಿರಲಿ.

ಏಮಿಯ ಅಂಕಣದಲ್ಲಿ ಬಹಳ ಹೊತ್ತು ಅಡ್ಡದಾರಿ ಹಿಡಿದೆ. 1560ರ ಸೆಪ್ಟೆಂಬರ್ 8, ಭಾನುವಾರ. ಆಬಿಂಗ್ಡನ್ ಜಾತ್ರೆಗೆ ಆಳುಕಾಳನ್ನೆಲ್ಲ ಕಳಿಸಿದ್ದಳು. ಕಮ್ನರ್ ಪ್ಲೇಸ್ ಮನೆಯ ಮೆಟ್ಟಿಲ ಬುಡದಲ್ಲಿ ಕುತ್ತಿಗೆ ಮುರಿದು ಬಿದ್ದಿದ್ದಳು. ಗಂಡ ವಿಂಡ್ಸರ್‌ನಲ್ಲಿ ರಾಣಿಯ ಜೊತೆ. ಪಂಚರ ತೀರ್ಪು ಆಕಸ್ಮಿಕ ಅಂತ. ಆ ವರದಿ 2008ರಲ್ಲಿ ಸರ್ಕಾರಿ ಪತ್ರಾಗಾರದಲ್ಲಿ ಸಿಕ್ಕಿತು, ತಲೆಗೆ ಎರಡು ಗಾಯ ಇದ್ದವು ಅಂತ ಅದರಲ್ಲಿದೆ. ಮನೆಯನ್ನು 1810ರಲ್ಲೇ ಕೆಡವಿದ್ದಾರೆ, ಹಾಗಾಗಿ ಮೆಟ್ಟಿಲು ನೋಡುವ ಹಾಗಿಲ್ಲ. ಆದರೂ ನಾನು ಮೆಟ್ಟಿಲ ನಕ್ಷೆ ಬರೆದದ್ದೇನು, ಗೆಳೆಯರನ್ನು ಕೂರಿಸಿಕೊಂಡು ವಾದ ಮಾಡಿದ್ದೇನು! ಈ ಅಧ್ಯಾಯ ಬರೆದಷ್ಟೂ ಉದ್ದವಾಯಿತು. ಓದಿದವರೆಲ್ಲ "ಕೊಂದದ್ದು ಯಾರು?" ಅಂತಲೇ ಕೇಳಿದರು, ಮನೆತನ ಮರೆತೇಹೋಯಿತು. ಕಡೆಗೆ ಅಷ್ಟನ್ನೂ ತೆಗೆದು ಒಂದೇ ಒಂದು ಪತ್ರ ಇಟ್ಟೆ. ಸಾಯುವ ಎರಡು ವಾರ ಮುಂಚೆ ಏಮಿ ಲಂಡನ್ನಿನ ದರ್ಜಿ ಎಡ್ನಿಗೆ ಬರೆದದ್ದು: ಮಖಮಲ್ ಬಟ್ಟೆ ಕಳಿಸಿದ್ದೇನೆ, ನಿಲುವಂಗಿ ಹೊಲಿದುಕೊಡಿ, ಹಿಂದೆ ನೀವು ಕಳಿಸಿದ ಟಾಫೆಟಾ ಅಂಗಿಗೆ ಇದ್ದಂಥದೇ ಕಾಲರ್ ಇರಲಿ. ಕೊಲೆಯ ಚರ್ಚೆ ಕೇಳಿದವರಿಗೆ ಆ ಪುಟ ತೋರಿಸಿ ಸುಮ್ಮನಾಗುತ್ತೇನೆ.

ಲೆಟಿಸ್ ಬಂದಾಗ ಹಾಳೆಯ ಶಕ್ತಿ ನನಗೇ ಗೊತ್ತಾಯಿತು. 1578ರ ಸೆಪ್ಟೆಂಬರಿನಲ್ಲಿ ವಾನ್‌ಸ್ಟೆಡ್‌ನಲ್ಲಿ ಗುಟ್ಟಾಗಿ ಮದುವೆ. ರಾಣಿಗೆ ಗೊತ್ತಾದ ಮೇಲೆ ಲೆಸ್ಟರ್‌ನನ್ನು ಒಂದಷ್ಟು ಬೈದು ಮತ್ತೆ ಹತ್ತಿರ ಸೇರಿಸಿದಳು, ಲೆಟಿಸ್‌ಗೆ ಆಸ್ಥಾನದ ಬಾಗಿಲು ಹಾಕಿದ್ದು ಹಾಕಿದ್ದೇ. ಸವತಿಮತ್ಸರ ಅಂತ ಎಲ್ಲರೂ ಬರೆಯುತ್ತಾರೆ. ಹಾಳೆಯಲ್ಲಿ ನೋಡಿದರೆ ರಾಣಿಯ ತಾಯಿ ಆನ್ ಬೊಲಿನ್‌ಳ ಒಡಹುಟ್ಟಿದವಳು ಮೇರಿ. ಮೇರಿಯ ಮಗಳು ಕ್ಯಾಥರಿನ್. ಕ್ಯಾಥರಿನ್‌ಳ ಮಗಳು ಈ ಲೆಟಿಸ್. ವರಸೆಯಲ್ಲಿ ರಾಣಿ ಅವಳಿಗೆ ಚಿಕ್ಕಮ್ಮ! ಚಿಕ್ಕಮ್ಮನ ಕಣ್ಣು ತಪ್ಪಿಸಿ ಮದುವೆಯಾದ ಹುಡುಗಿಯ ಕಥೆ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕೇ? ಮಗು ರಾಬರ್ಟ್ 1584ರ ಜುಲೈನಲ್ಲಿ ಹೋಯಿತು. 1588ರ ಸೆಪ್ಟೆಂಬರ್ 4ರಂದು, ಸ್ಪೇನಿನ ಹಡಗುಪಡೆ ಸೋತ ಸಂಭ್ರಮ ಆರುವ ಮುಂಚೆ, ಕಾರ್ನ್‌ಬರಿಯಲ್ಲಿ ಗಂಡ ಹೋದ, ಬೆಟ್ಟದಂಥ ಸಾಲ ಬಿಟ್ಟು. ಮರುವರ್ಷ ಕ್ರಿಸ್ಟೊಫರ್ ಬ್ಲೌಂಟ್‌ನನ್ನು ಮದುವೆಯಾದಳು. 1601ರ ಫೆಬ್ರವರಿಯಲ್ಲಿ ಮಗ ಎಸೆಕ್ಸ್‌ನ ತಲೆ, ಮಾರ್ಚಿನಲ್ಲಿ ಈ ಮೂರನೇ ಗಂಡನ ತಲೆ, ಎರಡೂ ಒಂದೇ ದಂಗೆಗೆ. ಅವಳು ಮಾತ್ರ 1634ರವರೆಗೆ, 90 ದಾಟಿ ಬದುಕಿದಳು. ಕೆನಿಲ್‌ವರ್ತ್‌ನಲ್ಲಿ 1575ರ ಬೇಸಿಗೆಯಲ್ಲಿ ಲೆಸ್ಟರ್ ರಾಣಿಗೆ ಕೊಟ್ಟ 19 ದಿನದ ಔತಣ, ಬಾಣಬಿರುಸು, ಕೊಳದ ಮೇಲಿನ ನಾಟಕ ಎಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನನ್ನಲ್ಲಿ ಒಂದೂವರೆ ಪುಟ ಅಷ್ಟೇ.

ತಾರೀಖಿನ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಕಾಲದ ಇಂಗ್ಲೆಂಡಿನ ದಾಖಲೆಗಳಲ್ಲಿ ಇಸವಿ ಬದಲಾಗುವುದು ಮಾರ್ಚ್ 25ಕ್ಕೆ, ನಮ್ಮ ಯುಗಾದಿ ಆಸುಪಾಸಿನ ಹಾಗೆ. ಹೊಸವರ್ಷದ ಉಡುಗೊರೆ ಮಾತ್ರ ಆಸ್ಥಾನದಲ್ಲಿ ಜನವರಿ 1ಕ್ಕೇ ಹಂಚುತ್ತಿದ್ದರು. ಗಿಲ್ಫರ್ಡ್ ಸತ್ತ ಫೆಬ್ರವರಿ ಹಳೆಯ ಕಾಗದದಲ್ಲಿ 1553, ನಮ್ಮ ಲೆಕ್ಕಕ್ಕೆ 1554. ಜನವರಿಯಿಂದ ಮಾರ್ಚ್‌ವರೆಗಿನ ಪ್ರತಿ ತಾರೀಖಿಗೂ ನಾನು ಪೆನ್ಸಿಲ್ಲಿನಲ್ಲಿ ಎರಡೂ ಇಸವಿ ಬರೆದಿಟ್ಟುಕೊಂಡಿದ್ದೆ. ಡಿಟಿಪಿ ಹುಡುಗ ಅದನ್ನು ಭಾಗಾಕಾರ ಅಂದುಕೊಂಡ, ಆ ಮಾತು ಬೇರೆ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ: ಡಿಟಿಪಿ, ಪ್ಲೇಟು, ಕಾಗದ, ಬೈಂಡಿಂಗ್ ಸೇರಿ 300 ಪ್ರತಿಗೆ ಇಪ್ಪತ್ತೆರಡು ಸಾವಿರದ ಆಜುಬಾಜು. ವಿದೇಶದಿಂದ ತರಿಸಿದ ಹಳೆಯ ಪುಸ್ತಕಗಳಿಗೆ ಅಂಚೆ ಸೇರಿ ಇನ್ನೊಂದು ನಾಲ್ಕೈದು ಸಾವಿರ. ಬೆಲೆ 110 ಇಟ್ಟೆ. ಪುಸ್ತಕದಂಗಡಿಯವರ ಕಮಿಷನ್ ಕಳೆದರೆ ಲಾಭ ಅಂತೇನಿಲ್ಲ, ಕೈ ಸುಟ್ಟುಕೊಳ್ಳಲಿಲ್ಲ. ನನಗೆ ಹೆಮ್ಮೆ ತಂದದ್ದು ಬೇರೆ: ಓದಿದ ಒಬ್ಬ ಗೃಹಿಣಿ ಹಾಳೆ ಮುಚ್ಚಿ ಐದೂ ರಾಬರ್ಟ್‌ಗಳನ್ನು ತಾಯಂದಿರ ಸಮೇತ ಗಿಳಿಪಾಠದಂತೆ ಒಪ್ಪಿಸಿದರು. ಕರಡು ವಾಪಸ್ ಕೊಟ್ಟಿದ್ದ ಪ್ರಕಾಶಕರು ಅಲ್ಲೇ ಕೂತಿದ್ದರು.

ಎರಡನೇ ಮುದ್ರಣದಲ್ಲಿ ಒಂದೇ ತಕರಾರು ಉಳಿದಿರುವುದು ಡಗ್ಲಸ್‌ಳ ಅಂಕಣದ್ದು. 1574ರಲ್ಲಿ ಹುಟ್ಟಿದ ಅವಳ ಮಗನಿಗೆ ಲೆಸ್ಟರ್ ಉಯಿಲಿನಲ್ಲಿ, ಆಂಬ್ರೋಸ್‌ನ ನಂತರ ಕೆನಿಲ್‌ವರ್ತ್ ಸಿಗಲಿ ಅಂತ ಬರೆದ, ಆದರೆ ಔರಸ ಅಂತ ಒಪ್ಪಲಿಲ್ಲ. 1605ರಲ್ಲಿ ಸ್ಟಾರ್ ಚೇಂಬರ್ ನ್ಯಾಯಾಲಯದಲ್ಲೂ ಮದುವೆ ಸಾಬೀತಾಗಲಿಲ್ಲ. ಹುಡುಗ ಹೆಂಡತಿ ಮಕ್ಕಳನ್ನು ಬಿಟ್ಟು, ಗಂಡುವೇಷ ಹಾಕಿದ ಎಲಿಜಬೆತ್ ಸೌತ್‌ವೆಲ್ ಜೊತೆ ದೇಶ ಬಿಟ್ಟ. ಫ್ಲಾರೆನ್ಸ್‌ನ ಮೆಡಿಚಿ ದೊರೆಗಳಿಗೆ ಹಡಗು ಕಟ್ಟಿದ, ಅಜ್ಜನ ನಾರ್ತಂಬರ್ಲೆಂಡ್ ಡ್ಯೂಕ್ ಪದವಿಯನ್ನು ತಾನೇ ಹಾಕಿಕೊಂಡ, 1640ರ ದಶಕದಲ್ಲಿ ಲೋಕದ ಕಡಲುಗಳ ದೊಡ್ಡ ಭೂಪಟ ಸಂಪುಟವನ್ನೇ ಅಚ್ಚು ಹಾಕಿಸಿದ. ಇಷ್ಟೂ ನಾಲ್ಕರಲ್ಲಿ ಒಂದು ಅಂಕಣದಲ್ಲಿ ಹಿಡಿಯುವುದಿಲ್ಲ. ಬಲಗಡೆ ಒಂದು ತುಂಡು ಹಾಳೆ ಅಂಟಿಸಿ ಹೊರಕ್ಕೆ ಮಡಚುವ ಹಾಗೆ ಮಾಡೋಣ ಅಂದೆ. ಬೈಂಡರ್ ಪ್ರತಿಗೆ ಎರಡು ರೂಪಾಯಿ ಹೆಚ್ಚಿಗೆ ಕೇಳುತ್ತಿದ್ದಾನೆ. ಒಂದೂವರೆಗೆ ಇಳಿಸಲು ನೋಡುತ್ತಿದ್ದೇನೆ.